ಬಡ್ಡಿ ದರದ ಸುದ್ದಿಯಲ್ಲೇ ಇಂಗ್ಲಿಷ್ ಪಾಠ
ವಾಣಿಜ್ಯ ಪುಟದ ನಾಲ್ಕು ಪದ ತಿಳಿದರೆ ಮನೆಯ ಲೆಕ್ಕವೂ ಸರಿಯಾದೀತು

ನವದೆಹಲಿ: ರಾಜಧಾನಿ ಹಾಗೂ ನೋಯ್ಡಾ, ಗುರುಗ್ರಾಮ, ಫರಿದಾಬಾದ್, ಗಾಜಿಯಾಬಾದ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇಂಗ್ಲಿಷ್ ಹೊಸದೇನಲ್ಲ. ಕಚೇರಿಯಲ್ಲಿ ಟಿಪ್ಪಣಿ ಬರೆಯುತ್ತಾರೆ, ಮಕ್ಕಳ ಶಾಲೆಗೆ ಹೋಗಿ ಮಾತನಾಡಿ ಬರುತ್ತಾರೆ. ಆದರೆ ಇಂಗ್ಲಿಷ್ ಪತ್ರಿಕೆಯ ವಾಣಿಜ್ಯ ಪುಟ ಬಂದೊಡನೆ, ಅದು ಷೇರು ವ್ಯವಹಾರದವರಿಗೆ ಎಂದುಕೊಂಡು ಹಾಳೆ ತಿರುವುವವರೇ ಹೆಚ್ಚು. ಮನೆ ಸಾಲ, ಠೇವಣಿ, ಪಿಂಚಣಿ ಇರುವ ಪ್ರತಿಯೊಬ್ಬರ ಸುದ್ದಿಯೂ ಆ ಪುಟದಲ್ಲೇ ಇರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಪದಸಂಪತ್ತು ಬೆಳೆಸಿಕೊಳ್ಳಲು ಅದಕ್ಕಿಂತ ಅಗ್ಗದ ಪಾಠಪುಸ್ತಕವೂ ಬೇರೊಂದಿಲ್ಲ.

ಅರ್ಧ ಶೇಕಡಾದ ಬೆಲೆ

2025ರ ಜೂನ್ 6ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು 50 ಬೇಸಿಸ್ ಪಾಯಿಂಟ್ ಇಳಿಸಿ ಶೇ 5.50ಕ್ಕೆ ತಂದಿತು. ಬೇಸಿಸ್ ಪಾಯಿಂಟ್ ಎಂದರೆ ಶೇಕಡಾ ಒಂದರ ನೂರನೇ ಒಂದು ಭಾಗ. ಹಾಗಾಗಿ 50 ಎಂದರೆ ಅರ್ಧ ಶೇಕಡಾ. ಬ್ಯಾಂಕುಗಳು ಸರ್ಕಾರಿ ಸಾಲಪತ್ರಗಳನ್ನು ಕೊಟ್ಟು, ಮತ್ತೆ ಕೊಳ್ಳುವ ಕರಾರಿನ ಮೇಲೆ ರಿಸರ್ವ್ ಬ್ಯಾಂಕಿನಿಂದ ಹಣ ಪಡೆಯುತ್ತವೆ. ಈ ಮರುಖರೀದಿಯ ಇಂಗ್ಲಿಷ್ ಪದವೇ ಚಿಕ್ಕದಾಗಿ ರೆಪೊ ಆಗಿದೆ.

ಅರ್ಧ ಶೇಕಡಾ ಎಂದು ಹಗುರವಾಗಿ ನೋಡುವಂತಿಲ್ಲ. 50 ಲಕ್ಷ ರೂಪಾಯಿ ಸಾಲವನ್ನು 20 ವರ್ಷಕ್ಕೆ ಪಡೆದವರ ಬಡ್ಡಿ ಶೇ 8.5ರಿಂದ ಶೇ 8ಕ್ಕೆ ಇಳಿದರೆ ತಿಂಗಳ ಕಂತು ಸುಮಾರು 1,570 ರೂಪಾಯಿ ತಗ್ಗುತ್ತದೆ. 2019ರ ಅಕ್ಟೋಬರ್ 1ರಿಂದ ಬದಲಾಗುವ ಬಡ್ಡಿಯ ಹೊಸ ಮನೆ ಸಾಲಗಳನ್ನು ಬ್ಯಾಂಕಿನ ಹೊರಗಿನ ಒಂದು ದರಕ್ಕೆ ಜೋಡಿಸಬೇಕೆಂಬ ನಿಯಮ ಬಂದಿದೆ. ಬಹುಪಾಲು ಬ್ಯಾಂಕುಗಳು ಆರಿಸಿಕೊಂಡದ್ದು ರೆಪೊ ದರವನ್ನೇ. ಹಳೆಯ ಪದ್ಧತಿಯಲ್ಲೇ ಉಳಿದ ಸಾಲಗಾರರು ಈ ಒಂದು ಪದ ತಿಳಿದು ಬ್ಯಾಂಕಿನಲ್ಲಿ ವಿಚಾರಿಸಿದರೆ ಲಾಭವಿದೆ.

ಮುಂದೂಡಿಕೆ ಬೇರೆ, ಮನ್ನಾ ಬೇರೆ

ಪದ ತಪ್ಪಾಗಿ ತಿಳಿದರೆ ಆಗುವ ನಷ್ಟಕ್ಕೆ ಮೊರಟೋರಿಯಂ ಒಳ್ಳೆಯ ಉದಾಹರಣೆ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್‌ನಿಂದ ಆಗಸ್ಟ್ ಕೊನೆಯವರೆಗೆ ಸಾಲದ ಕಂತು ಕಟ್ಟದಿರಲು ಅವಕಾಶ ನೀಡಲಾಗಿತ್ತು. ಮೊರಟೋರಿಯಂ ಎಂದರೆ ಮುಂದೂಡಿಕೆ, ಮನ್ನಾ ಅಲ್ಲ. ಮನ್ನಾಕ್ಕೆ ಇಂಗ್ಲಿಷಿನಲ್ಲಿ ವೇವರ್ ಎಂಬ ಬೇರೆಯೇ ಪದವಿದೆ. 50 ಲಕ್ಷದ ಸಾಲಕ್ಕೆ ಶೇ 8.5ರ ದರದಲ್ಲಿ ಆ ಆರು ತಿಂಗಳಿಗೆ 2 ಲಕ್ಷ ರೂಪಾಯಿಗೂ ಮೀರಿ ಬಡ್ಡಿ ಬೆಳೆಯುತ್ತದೆ. 2 ಕೋಟಿ ರೂಪಾಯಿವರೆಗಿನ ಸಾಲಗಳಲ್ಲಿ ಸರ್ಕಾರ ನಂತರ ತುಂಬಿಕೊಟ್ಟದ್ದು ಬಡ್ಡಿಯ ಮೇಲಿನ ಬಡ್ಡಿಯನ್ನು ಮಾತ್ರ. ಅಸಲು ಬಡ್ಡಿ ಸಾಲಗಾರರ ತಲೆಯ ಮೇಲೆಯೇ ಉಳಿಯಿತು.

ರೈಟ್ ಆಫ್ ಎಂಬುದೂ ಇಂಥದ್ದೇ. ವಸೂಲಾಗದ ಸಾಲವನ್ನು ಬ್ಯಾಂಕು ತನ್ನ ಆಸ್ತಿ ಲೆಕ್ಕದಿಂದ ತೆಗೆಯುವುದಷ್ಟೇ ಅದರ ಅರ್ಥ. ಸಾಲ ತೀರಿತು ಎಂದಲ್ಲ, ವಸೂಲಿ ಮುಂದುವರಿಯುತ್ತದೆ. ಹಾಗೆಯೇ ಇನ್‌ಫ್ಲೇಶನ್ ಇಳಿಯಿತೆಂದರೆ ತರಕಾರಿ ಅಗ್ಗವಾಯಿತು ಎಂದಲ್ಲ, ಬೆಲೆ ಏರುವ ವೇಗ ತಗ್ಗಿತು ಎಂದರ್ಥ. ಆ ಪದದ ಲ್ಯಾಟಿನ್ ಮೂಲದಲ್ಲಿ ಊದಿ ಉಬ್ಬಿಸುವ ಅರ್ಥವಿದೆ. ನಮ್ಮ 'ಹಣದುಬ್ಬರ'ದಲ್ಲೂ ಅದೇ ಉಬ್ಬು ಇರುವುದರಿಂದ ನೆನಪಿಡುವುದು ಸುಲಭ.

ಫ್ಲ್ಯಾಟ್ ಕೊಂಡವರೂ ಸಾಲ ಕೊಟ್ಟವರೇ

ದೆಹಲಿ ಸುತ್ತಲಿನ ಕುಟುಂಬಗಳು ಬಲವಂತವಾಗಿ ಕಲಿತ ಪದವೊಂದಿದೆ: ಕ್ರೆಡಿಟರ್, ಅಂದರೆ ಸಾಲ ಕೊಟ್ಟವರು. ನೋಯ್ಡಾ ಭಾಗದಲ್ಲಿ ಜೇಪಿ, ಆಮ್ರಪಾಲಿ ಸಮೂಹಗಳ ವಸತಿ ಯೋಜನೆಗಳು ಅರ್ಧಕ್ಕೆ ನಿಂತಾಗ ಸಾವಿರಾರು ಜನರ ಉಳಿತಾಯ ಸಿಕ್ಕಿಹಾಕಿಕೊಂಡಿತು. 2016ರ ದಿವಾಳಿ ಸಂಹಿತೆಗೆ 2018ರಲ್ಲಿ ತಿದ್ದುಪಡಿ ತಂದು, ಫ್ಲ್ಯಾಟ್‌ಗೆ ಹಣ ಕಟ್ಟಿದವರನ್ನೂ ಫೈನಾನ್ಶಿಯಲ್ ಕ್ರೆಡಿಟರ್ ಎಂದು ಪರಿಗಣಿಸಲಾಯಿತು. ಇದರಿಂದ ಸಾಲ ಕೊಟ್ಟವರ ಸಮಿತಿಯಲ್ಲಿ ಬ್ಯಾಂಕುಗಳ ಜತೆ ಅವರ ದನಿಗೂ ಬೆಲೆ ಬಂತು. 2019ರ ಜುಲೈ 23ರಂದು ಸುಪ್ರೀಂ ಕೋರ್ಟ್ ಆಮ್ರಪಾಲಿಯ ಬಾಕಿ ಮನೆಗಳನ್ನು ಪೂರ್ಣಗೊಳಿಸುವ ಹೊಣೆಯನ್ನು ಎನ್‌ಬಿಸಿಸಿಗೆ ವಹಿಸಿತು.

ಪಿಗ್ಮಿ ಕಲಿಸುವ ಪಾಠ

ಹಣದ ಪದ ಮನಸ್ಸಿನಲ್ಲಿ ನಿಲ್ಲುವುದು ಹೇಗೆಂಬುದಕ್ಕೆ ಕರಾವಳಿಯ ಅನುಭವವೇ ಸಾಕ್ಷಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸುತ್ತಿದ್ದರು. ಶಾಲೆಯ ಮುಖ ನೋಡದವರಿಗೂ ಪಿಗ್ಮಿಗೆ ನಿಘಂಟು ಬೇಕಾಗಲಿಲ್ಲ. ದಿನವೂ ಕಿವಿಗೆ ಬೀಳುವ, ಕೈಯ ಕಾಸಿಗೆ ಸಂಬಂಧಿಸಿದ ಪದ ತಾನಾಗಿಯೇ ಕನ್ನಡವಾಯಿತು. ಅದೇ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ ಗ್ರಾಹಕರು ಅಮಾಲ್ಗಮೇಷನ್ ಎಂಬ ಉದ್ದ ಪದವನ್ನೂ ಹಾಗೆಯೇ ಕಲಿತರು.

ಕಲಿಯುವ ಬಗೆ

ವಾಣಿಜ್ಯ ಪುಟದ ದೊಡ್ಡ ಅನುಕೂಲವೆಂದರೆ ಪದದ ಪಕ್ಕದಲ್ಲೇ ಅಂಕಿ ಇರುತ್ತದೆ. ಸೂಚ್ಯಂಕ ಕೊಂಚ ಏರಿದರೆ ಎಡ್ಜ್ ಅಪ್, ಒಮ್ಮೆಲೇ ಜಿಗಿದರೆ ಸರ್ಜ್, ಧಡಕ್ಕನೆ ಬಿದ್ದರೆ ಪ್ಲಂಜ್ ಎನ್ನುತ್ತಾರೆ. ಎಷ್ಟು ಅಂಕ ಏರಿತು, ಎಷ್ಟು ಇಳಿಯಿತು ಎಂದು ನೋಡಿದರೆ ಅರ್ಥ ತಾನಾಗಿ ಹೊಳೆಯುತ್ತದೆ. ಒಂದೇ ಸುದ್ದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಬೇಕು. ದಿನಕ್ಕೆ ಎರಡೇ ಪದ ಸಾಕು. ಪದ, ಕನ್ನಡದ ಅರ್ಥ, ಮನೆಯ ಲೆಕ್ಕದಿಂದ ಒಂದು ಉದಾಹರಣೆ, ಹೀಗೆ ಮೂರು ಅಂಕಣದ ನೋಟ್‌ಬುಕ್ ಇಟ್ಟರೆ ಫೆಬ್ರವರಿ 1ರ ಬಜೆಟ್ ಭಾಷಣವೂ ಕಬ್ಬಿಣದ ಕಡಲೆ ಎನಿಸದು.

ಬ್ಯಾಂಕ್ ಪರೀಕ್ಷೆ ಬರೆಯುವ ಮಕ್ಕಳಿಗಂತೂ ಇದು ಅಗತ್ಯ. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತರ ನೇಮಕಾತಿ ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು 2021ರಲ್ಲಿ ಹಣಕಾಸು ಸಚಿವಾಲಯ ಶಿಫಾರಸು ಮಾಡಿತು. ಆದರೂ ಇಂಗ್ಲಿಷ್ ಭಾಷೆಯ ವಿಭಾಗ ತಪ್ಪಿಲ್ಲ.

ಕನ್ನಡ ಸಂಘಗಳು ಭಾನುವಾರದ ಕಾರ್ಯಕ್ರಮಕ್ಕೆ ಮೊದಲು ಅರ್ಧ ಗಂಟೆ ಇದಕ್ಕೆ ಮೀಸಲಿಟ್ಟರೆ ಖರ್ಚೇನೂ ಇಲ್ಲ. ಬ್ಯಾಂಕು, ವಿಮೆ, ಲೆಕ್ಕಪರಿಶೋಧನೆ ಇಲಾಖೆಗಳಿಂದ ನಿವೃತ್ತರಾದ ಹಿರಿಯರು ಸಂಘಗಳಲ್ಲಿ ಇದ್ದೇ ಇದ್ದಾರೆ. ಅವರು ಹೇಳಿಕೊಡಲಿ, ಕಿರಿಯರು ಓದಲಿ. ಸಹಿ ಹಾಕುವ ಮೊದಲು ಕಾಗದದಲ್ಲಿರುವ ಪದದ ಅರ್ಥ ಕೇಳುವ ಅಭ್ಯಾಸ ಬಂದರೂ ಸಾಕು.