ಸ್ನಾಯುಬಲವನ್ನು ಅಳೆಯುವ ಕೈಗಳು

ಆಳಂದ ತಾಲ್ಲೂಕಿನ ಮಟಕಿಯಂಥ ಊರುಗಳಲ್ಲಿ ತೊಗರಿಯ ರಾಶಿ ಮುಗಿಯುವ ಹೊತ್ತಿಗೆ ಟೊಂಕ ಹಿಡಿದವರಿಗೂ ಮೊಣಕಾಲು ಊದಿದವರಿಗೂ ಕೊರತೆಯಿರುವುದಿಲ್ಲ. ಲಕ್ವ ಹೊಡೆದು ಮಂಚ ಹಿಡಿದ ಹಿರಿಯರೂ ಅಲ್ಲಲ್ಲಿ ಇದ್ದೇ ಇರುವರು. ಇಂಥವರನ್ನು ಮರಳಿ ನಡೆಸುವುದೇ ವೃತ್ತಿಯಾದ ಫಿಸಿಯೊಥೆರಪಿಸ್ಟನನ್ನು ನಮ್ಮ ಜನ ‘ಕರೆಂಟು ಹಚ್ಚುವವರು’ ಎಂದಷ್ಟೇ ಬಲ್ಲರು. ಆ ಕರೆಂಟಿನ ಪೆಟ್ಟಿಗೆಯನ್ನು ಮುಟ್ಟುವುದಕ್ಕೆ ಮೊದಲು ಅವನು ಕಲಿಯಬೇಕಾದುದೆಷ್ಟೆಂಬುದು ಹೊರಗಿನವರಿಗೆ ತಿಳಿಯದು.

1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಫಿಸಿಯೊಥೆರಪಿಯ ಪದವಿಗೆ ನಾಲ್ಕು ವರ್ಷಗಳ ವ್ಯಾಸಂಗವನ್ನೂ ಆರು ತಿಂಗಳ ಇಂಟರ್ನ್‌ಶಿಪ್ಪನ್ನೂ ವಿಧಿಸಿತ್ತು. 2021ರ ಕೇಂದ್ರ ಕಾಯಿದೆಯನ್ವಯ ಏರ್ಪಟ್ಟ ರಾಷ್ಟ್ರೀಯ ಆಯೋಗದ ಹೊಸ ಪಠ್ಯಕ್ರಮವು ಅದನ್ನು ಐದು ವರ್ಷಕ್ಕೆ ಹಿಗ್ಗಿಸಿದೆ. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಮನಶ್ಶಾಸ್ತ್ರ, ಸಮಾಜಶಾಸ್ತ್ರ. ಅನಂತರ ರೋಗಶಾಸ್ತ್ರ, ವ್ಯಾಯಾಮಚಿಕಿತ್ಸೆ, ವಿದ್ಯುಚ್ಚಿಕಿತ್ಸೆ. ಮುಂದೆ ಮೂಳೆ, ಹೃದಯ, ಶ್ವಾಸಕೋಶ, ನರಮಂಡಲ. ಪಟ್ಟಿ ಉದ್ದವಾದುದು, ಆದರೆ ನನ್ನ ಮನಸ್ಸು ನಿಂತುದು ಒಂದೇ ಪಾಠದಲ್ಲಿ.

ಅದು ಸ್ನಾಯುವಿನ ಬಲವನ್ನು ಬರಿಗೈಯಿಂದ ಅಳೆಯುವ ಪಾಠ. ತರಗತಿಯಲ್ಲಿ ಸಹಪಾಠಿಯೇ ರೋಗಿ. ಅವನನ್ನು ಎತ್ತರದ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ತೊಡೆಯನ್ನು ಒಂದು ಕೈಯಿಂದ ನೆಲೆಗೊಳಿಸಿ, ಮೊಣಕಾಲನ್ನು ನೇರವಾಗಿ ಚಾಚೆಂದು ಹೇಳಬೇಕು. ಕಾಲು ತನ್ನ ಭಾರವನ್ನು ತಾನೇ ಹೊತ್ತು, ಭೂಮಿಯ ಸೆಳೆತವನ್ನು ಮೀರಿ ಪೂರ್ತಿ ಚಾಚಿಕೊಂಡರೆ ಅದಕ್ಕೆ 3 ಎಂಬ ಅಂಕ. ಕಣಕಾಲಿನ ಮೇಲ್ಗಡೆ ವಿದ್ಯಾರ್ಥಿಯು ಅಂಗೈಯಿಂದ ಒತ್ತಿದಾಗ ಸ್ವಲ್ಪ ತಡೆದರೆ 4, ಪೂರ್ಣಬಲದಿಂದ ತಡೆದರೆ 5. ಎತ್ತಲಾರದ ಕಾಲಾದರೆ ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಆ ಕಾಲಿಗೆ ಆಸರೆಕೊಟ್ಟು ಭಾರವನ್ನು ನೀಗಿಸಿ ನೋಡುವರು. ಆಗ ಚಲಿಸಿದರೆ 2. ಅದೂ ಆಗದಿದ್ದಲ್ಲಿ ಮಂಡಿಚಿಪ್ಪಿನ ಮೇಲ್ಗಡೆ ಬೆರಳಿಟ್ಟು ಕಾಯುವುದು: ಚರ್ಮದಡಿಯಲ್ಲಿ ಒಂದು ಮಿಡುಕು ತಾಗಿದರೆ 1, ತಾಗದಿದ್ದರೆ ಸೊನ್ನೆ. ಕಣ್ಣಿಗೆ ಕಾಣದ ಆ ಮಿಡುಕನ್ನು ಬೆರಳು ಗುರುತಿಸಿದ ದಿನದಿಂದ ಚಿಕಿತ್ಸೆಗೆ ಒಂದು ಆಧಾರ ದೊರೆಯುವುದು.

ದುರ್ಬಲನಾದವನು ತಿಳಿಯದೆಯೇ ಬೆನ್ನನ್ನು ಹಿಂದಕ್ಕೆ ವಾಲಿಸಿ, ಇತರ ಸ್ನಾಯುಗಳ ಸಹಾಯದಿಂದ ಕಾಲೆತ್ತಲು ನೋಡುವನು. ಆ ಕಳ್ಳಚಲನೆಯನ್ನು ಹಿಡಿಯುವುದೂ, ನೆಟ್ಟಗಿರುವ ಕಾಲಿನೊಡನೆ ಹೋಲಿಸುವುದೂ ಅಭ್ಯಾಸದಿಂದಲೇ ಬರತಕ್ಕದ್ದು. ಆಸ್ಪತ್ರೆಯ ವಾರ್ಡಿಗೆ ಬಂದ ಮೇಲೆ ಇನ್ನೊಂದು ಪರೀಕ್ಷೆ. ನೋವಿಗೆ ಹೆದರಿ ಕಾಲನ್ನು ಬಿಗಿಹಿಡಿದ ಮುದುಕನು ಶಾಸ್ತ್ರದ ಮಾತಿಗೆ ಬಗ್ಗನು. ‘ಇನ್ನೊಂದೀಟ ಎತ್ತ್ರಿ, ಮುತ್ಯಾ’ ಎಂದರೆ ಎತ್ತುವನು. ಈ ಸೀಮೆಯ ಹಳ್ಳಿಗಳಿಂದ ಬಂದ ಮಕ್ಕಳಿಗೆ ಈ ಭಾಗವನ್ನು ಯಾರೂ ಕಲಿಸಬೇಕಾಗಿಲ್ಲ.

ಸ್ನಾಯುಬಲದ ಈ ಅಳತೆಯ ಚರಿತ್ರೆ ಪೋಲಿಯೊ ರೋಗದೊಡನೆ ಹೆಣೆದುಕೊಂಡಿದೆ. ಬಾಸ್ಟನ್ ನಗರದ ವೈದ್ಯ ರಾಬರ್ಟ್ ಲೊವೆಟ್ ಹಾಗೂ ಆತನ ಸಹಾಯಕಿ ವಿಲ್ಹೆಲ್ಮಿನ್ ರೈಟ್ ಪೋಲಿಯೊಪೀಡಿತ ಮಕ್ಕಳ ಕೈಕಾಲುಗಳನ್ನು ಪರೀಕ್ಷಿಸುತ್ತ 1912ರ ಸುಮಾರಿಗೆ ಈ ಅಳತೆಯ ಕ್ರಮವನ್ನು ರೂಪಿಸಿದರು. ಭಾರತದಲ್ಲಿಯೂ 1950ರ ದಶಕದ ಆರಂಭದಲ್ಲಿ ಅದೇ ವ್ಯಾಧಿಯ ಹಾವಳಿಯ ತರುವಾಯ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಫಿಸಿಯೊಥೆರಪಿಯ ಮೊದಲ ಶಾಲೆ ತೆರೆಯಿತು. 2014ರ ಮಾರ್ಚಿನಲ್ಲಿ ಭಾರತವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ವಿದ್ಯೆಯನ್ನು ಹುಟ್ಟಿಸಿದ ರೋಗ ತೊಲಗಿತು, ವಿದ್ಯೆಯ ಅಗತ್ಯವಂತೂ ಹೆಚ್ಚಿತು.

ಲಕ್ವ ಹೊಡೆದವನಿಗೆ ಮೊದಲ ಕೆಲವು ತಿಂಗಳುಗಳೇ ಅಮೂಲ್ಯ. ಆದರೆ ಆಳಂದದಿಂದ ಜಿಲ್ಲಾಸ್ಥಳವಾದ ಕಲಬುರಗಿಗೆ ಸುಮಾರು 40 ಕಿಲೋಮೀಟರು. ಅಫಜಲಪುರ, ಜೇವರ್ಗಿಗಳ ಒಳಹಳ್ಳಿಗಳಿಗೂ ಜಿಲ್ಲಾಸ್ಥಳ ದೂರವೇ. ವಾರಕ್ಕೆ ಮೂರು ಸಲ ರೋಗಿಯನ್ನು ಬಸ್ಸಿಗೆ ಹತ್ತಿಸಿ ಇಳಿಸಲು ಕೂಲಿ ಬಿಟ್ಟು ಬರುವ ಮಗನಿಗೆ ಎಷ್ಟು ದಿನ ಸಾಧ್ಯ? ಆಸ್ಪತ್ರೆಯವರು ಬರೆದುಕೊಟ್ಟ ವ್ಯಾಯಾಮದ ಚೀಟಿ ಗೋಡೆಯ ಗೂಡಿನಲ್ಲಿ ಉಳಿಯುವುದು. 2ರಿಂದ 3ಕ್ಕೆ ಏರಬಹುದಾಗಿದ್ದ ಕಾಲು 2ರಲ್ಲಿಯೇ ನಿಲ್ಲುವುದು. ಪದವಿ ಪಡೆದವರು ಬೆಂಗಳೂರಿಗೋ ಹೈದರಾಬಾದಿಗೋ ಹೋದರೆ ಅವರನ್ನು ದೂರುವಂತಿಲ್ಲ; ಹೊಟ್ಟೆಪಾಡು ಅಲ್ಲಿದೆ. ಆದರೂ ಸಮುದಾಯದ ಪುನಶ್ಚೇತನವೆಂಬ ವಿಷಯವನ್ನು ಕಡೆಯ ವರ್ಷದಲ್ಲಿ ಓದಿ ಪಾಸಾಗುವ ಇಷ್ಟು ಜನರಲ್ಲಿ ಒಬ್ಬರಿಗಾದರೂ ಮಟಕಿಯ ಸುತ್ತಿನ ಹಳ್ಳಿಗಳಲ್ಲಿ ಸಂಬಳ ಸಿಗುವ ಒಂದು ಕೆಲಸವನ್ನು ಸರಕಾರ ಹುಟ್ಟಿಸಬಾರದೇ ಎಂಬ ಕೊರಗು ಉಳಿದೇ ಇದೆ.