ಗಡಿನಾಡಿನ ಮಾಧ್ಯಮಿಕ ತರಗತಿಗಳಲ್ಲಿ ಕನ್ನಡದ ಬೋಧನೆ ಮತ್ತು ಪರೀಕ್ಷೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮಕ್ಕಳಿಗೆ ಮನೆಯ ಮಾತು ಕನ್ನಡ, ಶಾಲೆಯ ಮಾತು ತಮಿಳು. ಸಿರುಮುಗೈಯ ದೇವಾಂಗ ನೇಕಾರರೂ ಉಡುಮಲೈ ಕಡೆಯ ಒಕ್ಕಲಿಗರೂ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡುತ್ತ ಬಂದವರು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಸೀಮೆ 1979ರಲ್ಲಿ ಇಂದಿನ ಈರೋಡು ಜಿಲ್ಲೆಯ ಪಾಲಿಗೆ ಹೋಯಿತು. ಅಚ್ಚಗನ್ನಡದ ಈ ಎರಡು ಸೀಮೆಗಳೂ ಬೇರೆಯಾದ ಮೇಲೆ ಇಲ್ಲಿ ಉಳಿದ ಕನ್ನಡಿಗರು ಅಲ್ಲಲ್ಲಿ ಚದುರಿದ ಅಲ್ಪಸಂಖ್ಯಾತರಾದರು.

ಸಂವಿಧಾನದ 350-ಎ ವಿಧಿಯು ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣದ ಅನುಕೂಲವನ್ನು ಪ್ರಾಥಮಿಕ ಹಂತಕ್ಕೆ ಮಾತ್ರ ಹೇಳುತ್ತದೆ. 2006ರ ಕಾಯಿದೆಯಂತೆ ತಮಿಳು ಒಂದನೆಯ ತರಗತಿಯಿಂದ ಮೊದಲ್ಗೊಂಡು ಕ್ರಮವಾಗಿ ಕಡ್ಡಾಯವಾಯಿತು. ರಾಜ್ಯದ ಭಾಷೆಯನ್ನು ಮಕ್ಕಳು ಚೆನ್ನಾಗಿ ಕಲಿಯಬೇಕೆಂಬುದು ನಿರ್ವಿವಾದ. ಆದರೆ ಆರರಿಂದ ಎಂಟನೆಯ ತರಗತಿಯೊಳಗೆ ಕನ್ನಡದ ಓದು ಬರಹ ಕೈಗೆ ಹತ್ತದಿದ್ದರೆ ಅದು ಮುಂದೆ ಬರಿಯ ಬಾಯಿಮಾತಾಗಿ ಉಳಿಯುತ್ತದೆ. ಆದುದರಿಂದ, ಶಾಲೆಯ ತರಗತಿಯಾಗಲಿ ಸಂಜೆಯ ಪಾಠವಾಗಲಿ, ಕನ್ನಡ ಕಲಿಸುವವರು ಈ ಮೂರು ವರ್ಷಗಳ ಕೆಲಸವನ್ನು ವಿಶೇಷವಾಗಿ ಆಲೋಚಿಸಬೇಕಾಗಿದೆ.

ಮೊದಲು ಬರಹದ ತಪ್ಪುಗಳನ್ನು ನೋಡೋಣ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ-ದ, ಪ-ಬಗಳಿಗೂ ಹಾಗೆಯೇ. ಅನುನಾಸಿಕದ ಮುಂದೆ ಬಂದ ಕಕಾರವನ್ನು ತಮಿಳು ಓದುವವನು ಗಕಾರವಾಗಿಯೇ ಉಚ್ಚರಿಸುತ್ತಾನೆ. ಈ ಅಭ್ಯಾಸವುಳ್ಳ ಹುಡುಗನು 'ಅಂಗಡಿ'ಯನ್ನು 'ಅಂಕಡಿ' ಎಂದು ಬರೆದರೆ ಅದು ಅಜ್ಞಾನವಲ್ಲ, ಒಂದು ಲಿಪಿಯ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದ್ದು. ತಮಿಳಿನಲ್ಲಿ ಒತ್ತಕ್ಷರವಿಲ್ಲ, ಚುಕ್ಕೆಯಿಟ್ಟ ವ್ಯಂಜನವಿದೆ. ಆದುದರಿಂದ 'ಅಕ್ಕ' ಎಂಬಲ್ಲಿ ಎರಡನೆಯ ಕಕಾರವನ್ನು ಕೆಳಗೆ ಬರೆಯುವುದು ಅವನಿಗೆ ಹೊಸದು. ಇಂಥವನಿಗೆ ನೂರು ಸಲ ನಕಲು ಬರೆಯಿಸುವುದಕ್ಕಿಂತ ಕಾಳಿ-ಗಾಳಿ, ತಾಳಿ-ದಾಳಿ, ಪಟ್ಟೆ-ಬಟ್ಟೆ ಎಂಬ ಜೋಡಿಗಳನ್ನು ಹೇಳಿಸಿ, ಕೇಳಿಸಿ, ಅರ್ಥ ಬೇರೆಯಾಗುವುದನ್ನು ತೋರಿಸಿ ಬರೆಯಿಸುವುದು ಮೇಲು.

ತಮಿಳಿನ ಬಲದಿಂದ ಉಪಕಾರವೂ ಉಂಟು. ಪಾಲ್-ಹಾಲು, ಪುಲಿ-ಹುಲಿ, ಪತ್ತು-ಹತ್ತು. ವಾಯ್-ಬಾಯಿ, ವೇಲಿ-ಬೇಲಿ, ವಿಲ್-ಬಿಲ್ಲು: ಈ ಜೋಡಿಗಳನ್ನು ಹಲಗೆಯ ಮೇಲೆ ಬರೆದರೆ ತಮಿಳಿನ ಮೊದಲ ಪಕಾರಕ್ಕೆ ಕನ್ನಡದಲ್ಲಿ ಹಕಾರವೂ, ವಕಾರಕ್ಕೆ ಬಕಾರವೂ ಬರುವುದನ್ನು ಏಳನೆಯ ತರಗತಿಯ ಮಕ್ಕಳು ತಾವಾಗಿಯೇ ಕಂಡುಕೊಳ್ಳಬಲ್ಲರು. ಹತ್ತನೆಯ ಶತಮಾನದ ಪಂಪನ ಕನ್ನಡದಲ್ಲಿಯೂ ಪಾಲ್, ಪುಲಿ ಎಂಬ ರೂಪಗಳೇ ಇದ್ದುವು. ಹಳಗನ್ನಡಕ್ಕೆ ಬೆಂಗಳೂರಿನ ಹುಡುಗನಿಗಿಂತ ನಮ್ಮ ಹುಡುಗನು ಒಂದು ಹೆಜ್ಜೆ ಹತ್ತಿರದಲ್ಲಿದ್ದಾನೆಂದು ತಿಳಿಸಿದರೆ ಅವನಿಗೆ ಉತ್ಸಾಹ ಬಾರದೆ ಇರದು.

ಇನ್ನು ಪರೀಕ್ಷೆಯ ಮಾತು. ಟಿಪ್ಪಣಿಯನ್ನು ಬಾಯಿಪಾಠ ಮಾಡಿ ತಪ್ಪಿಲ್ಲದೆ ಬರೆದವನಿಗೆ ಹೆಚ್ಚು ಅಂಕ. ಮನೆಯ ಮಗ್ಗದ ಕೆಲಸವನ್ನು, ಹಾಸು ಹೊಕ್ಕುಗಳನ್ನು, ಲಾಳಿಯ ಓಟವನ್ನು ಸ್ವಂತ ಮಾತಿನಲ್ಲಿ ವರ್ಣಿಸಿ ಹತ್ತು ಕಾಗುಣಿತದ ತಪ್ಪು ಮಾಡಿದವನಿಗೆ ಕಡಮೆ ಅಂಕ. ಇದು ಕಾಗುಣಿತದ ಪರೀಕ್ಷೆಯೇ ಹೊರತು ಭಾಷೆಯ ಪರೀಕ್ಷೆಯಲ್ಲ.

ತಮಿಳುನಾಡು 2012-13ರಲ್ಲಿ ಎಂಟನೆಯ ತರಗತಿಯವರೆಗೆ ತಂದ ಮೌಲ್ಯಮಾಪನ ಕ್ರಮದಲ್ಲಿ ತರಗತಿಯ ಕೆಲಸಕ್ಕೆ 40, ಲಿಖಿತ ಪರೀಕ್ಷೆಗೆ 60 ಅಂಕಗಳಿದ್ದುವು. ಆ ವಿಭಾಗವನ್ನೇ ನಾವು ಕನ್ನಡಕ್ಕೆ ಹೀಗೆ ಹೊಂದಿಸಬಹುದು. 40ರಲ್ಲಿ ಕೇಳಿ ತಿಳಿಯುವುದಕ್ಕೆ 10, ಮಾತಿಗೆ 15, ಗಟ್ಟಿಯಾಗಿ ಓದುವುದಕ್ಕೆ 15. ಲಿಖಿತದ 60ರಲ್ಲಿ, ಮೊದಲು ಓದದ ಗದ್ಯಭಾಗವನ್ನು ಅರಿತು ಉತ್ತರಿಸುವುದಕ್ಕೆ 20, ಸ್ವಂತ ರಚನೆಗೆ 40. ಈ ನಲವತ್ತರಲ್ಲಿ ವಿಷಯಕ್ಕೂ ಅದರ ಕ್ರಮಕ್ಕೂ 20, ವಾಕ್ಯಕ್ಕೂ ಪದಗಳಿಗೂ 12, ಕಾಗುಣಿತಕ್ಕೆ 8. ಒಂದೇ ಬಗೆಯ ತಪ್ಪು ಎಷ್ಟು ಸಲ ಬಂದರೂ ಒಂದು ಸಲ ಮಾತ್ರ ಎಣಿಸತಕ್ಕದ್ದು. ಮಾತಿನ ಪರೀಕ್ಷೆಯಲ್ಲಿ ಮನೆಯ ಕನ್ನಡಕ್ಕೆ ಅಂಕ ಕಳೆಯಬಾರದು. ಅದರ ಪಕ್ಕದಲ್ಲಿ ಗ್ರಂಥರೂಪವನ್ನು ತಿಳಿಸಿದರೆ ಸಾಕು.

ರಚನೆಯ ಅಂಕಗಳು ಪರೀಕ್ಷಕರಿಂದ ಪರೀಕ್ಷಕರಿಗೆ ವ್ಯತ್ಯಾಸವಾಗುತ್ತವೆಂಬ ಆಕ್ಷೇಪ ಸರಿಯೇ. ಇದಕ್ಕೆ ಪರಿಹಾರ ಸುಲಭ: ಒಂದೇ ಐದು ಉತ್ತರಪತ್ರಿಕೆಗಳನ್ನು ಇಬ್ಬರು ಉಪಾಧ್ಯಾಯರು ಬೇರೆ ಬೇರೆಯಾಗಿ ತಿದ್ದಿ, ಅಂಕಗಳನ್ನು ಹೋಲಿಸಿ, ಅಂತರವಿದ್ದಲ್ಲಿ ಚರ್ಚಿಸಿ, ಆಮೇಲೆ ಉಳಿದುವನ್ನು ತಿದ್ದಬೇಕು. ಒಬ್ಬರೇ ಉಪಾಧ್ಯಾಯರಿರುವ ಕಡೆ ನೆರೆಯ ಊರಿನವರೊಡನೆ ಪತ್ರಿಕೆಗಳನ್ನು ಬದಲಿಸಿಕೊಳ್ಳಬಹುದು.

ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡದಿಂದ ಉದ್ಯೋಗದ ಲಾಭವಿಲ್ಲ. ಅವರು ತರಗತಿಗೆ ಬರುವುದು ಅಜ್ಜಿಯ ಮಾತಿಗೂ ಅಕ್ಷರವುಂಟೆಂದು ತಿಳಿಯುವುದಕ್ಕೆ. ಕೆಂಪು ಶಾಯಿಯಿಂದ ತುಂಬಿದ ಪತ್ರಿಕೆಯನ್ನು ಎರಡು ಸಲ ಕಂಡ ಹುಡುಗನು ಮೂರನೆಯ ಸಲ ಬಾರದೆ ಹೋಗಬಹುದು. ಅವನನ್ನು ತರಗತಿಯಲ್ಲಿ ಉಳಿಸಿಕೊಂಡರಲ್ಲವೆ ತಿದ್ದುವ ಮಾತು?