ಒಂದೇ ಮನೆ, ಎರಡು ಓಣಿ

“ಟಿವಿಯೊಳಗ ಏನೂ ಕಾಣವಲ್ದು ನೋಡಪಾ” ಎಂದು ಅಪ್ಪ ಹಾಲ್‌ನಿಂದ ಕೂಗಿದಾಗ ನಾನು ಒಳಗಿನ ಕೋಣೆಯಲ್ಲಿ ಆಫೀಸ್ ಕಾಲ್‌ನಲ್ಲಿದ್ದೆ. ಹದಿನಾಲ್ಕು ವರ್ಷದಿಂದ ಪುಣೆಯಲ್ಲಿ ಐಟಿ ಕೆಲಸ. ಯಾವುದೋ ದೇಶದಲ್ಲಿ ಸರ್ವರ್ ಬಿದ್ದರೆ ರಾತ್ರಿ ಎರಡು ಗಂಟೆಗೆ ಎದ್ದು ಕೂರುವ ನನಗೆ, ನನ್ನದೇ ಹಾಲ್‌ನ ಟಿವಿಗೆ ಪಕ್ಕದ ಕೋಣೆಯ ಲ್ಯಾಪ್‌ಟಾಪನ್ನು ತೋರಿಸಲು ಮೂರು ವಾರ ಹಿಡಿಯಿತು. ಹೇಳಿಕೊಳ್ಳಲು ನಾಚಿಕೆಯೇ. ಆದರೆ ಈ ಕಥೆ ಹೇಳಿದಾಗಲೆಲ್ಲ ಎದುರಿಗಿದ್ದವರು “ನಮ್ಮನೇಲೂ ಹಂಗ ಆಗೇತ್ರಿ” ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಅಮ್ಮ ತೀರಿಕೊಂಡ ಮೇಲೆ ನಮ್ಮ ಜೊತೆ ಇದ್ದಾರೆ. ಊರಿನಿಂದ ಬರುವಾಗ ಬಟ್ಟೆಬರೆಗಿಂತ ಜೋಪಾನವಾಗಿ ತಂದದ್ದು ಒಂದು ತಗಡಿನ ಟ್ರಂಕು. ಒಳಗೆ 38 ಕ್ಯಾಸೆಟ್. ಶಾಲೆಯ ಗ್ಯಾದರಿಂಗಿನ ನಾಟಕ, ಊರ ಗುಡಿಯ ಭಜನೆ, ಧಾರವಾಡ ಆಕಾಶವಾಣಿಯಿಂದ ಹಿಡಿದಿಟ್ಟ ಗಾಯನ. ಅವುಗಳ ನಡುವೆ ಐದು ಕ್ಯಾಸೆಟ್ ಅಮ್ಮನವು. 1994ರ ದೀಪಾವಳಿಗೆ ಅಮ್ಮ ಮತ್ತು ಚಿಕ್ಕಮ್ಮ ಕೂಡಿ ಹಾಡಿದ ಬೀಸುವ ಪದ, ಸೋಬಾನೆ ಪದಗಳನ್ನು ಅಪ್ಪ ಟೇಪ್‌ರೆಕಾರ್ಡರ್ ಇಟ್ಟು ಹಿಡಿದಿದ್ದರು. ಅಮ್ಮನ ದನಿ ಎಂದು ನಮ್ಮಲ್ಲಿ ಉಳಿದಿರುವುದು ಇದಿಷ್ಟೇ. ಆಕೆಯ ಫೋಟೊ ಬೇಕಾದಷ್ಟಿವೆ, ವಿಡಿಯೊ ಒಂದೂ ಇಲ್ಲ.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ, ಬೇಕಾದದ್ದು ತಾಳ್ಮೆ. ಹಳೆಯ ಪ್ಲೇಯರ್‌ನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ಒಂದು ವೈರು, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ, ಅಷ್ಟೇ. ಆದರೆ ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಅಡ್ಡದಾರಿ ಇಲ್ಲ. ಶನಿವಾರಕ್ಕೆ ಎರಡು, ಭಾನುವಾರಕ್ಕೆ ಎರಡು. ಇಳಿಸಿದ್ದನ್ನೆಲ್ಲ ಒಂದು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಅದರಲ್ಲಿಟ್ಟೆ. ಮೇಲೆ ರೆಡಿಮೀಡಿಯಾ ಎಂಬ ಪುಟ್ಟ ತಂತ್ರಾಂಶ, ಮಿನಿಡಿಎಲ್‌ಎನ್‌ಎ ಎಂಬುದು ಅದರ ಹಳೆಯ ಹೆಸರು. ಮನೆಯ ಟಿವಿ, ಫೋನುಗಳಿಗೆ “ನನ್ನ ಹತ್ತಿರ ಇಷ್ಟು ಹಾಡಿವೆ, ಬೇಕಾದರೆ ಕೇಳಿ” ಎಂದು ಸಾರುವುದು ಅದರ ಕೆಲಸ. ಅಪ್ಪನಿಗೆ ಫೋನಿನ ಸಣ್ಣ ಅಕ್ಷರ ಕಾಣದು, ಟಿವಿ ರಿಮೋಟ್ ಮಾತ್ರ ಕೈಗೆ ಒಗ್ಗಿದೆ. ರಿಮೋಟ್ ಒತ್ತಿದರೆ ಅಮ್ಮ ಹಾಡಬೇಕು ಎಂಬುದು ನನ್ನ ಲೆಕ್ಕ.

ನನ್ನ ಫೋನಿನ ವಿಎಲ್‌ಸಿಯಲ್ಲಿ ನೋಡಿದೆ, ಸರ್ವರ್ ಕಾಣಿಸಿತು, ಹಾಡೂ ಬಂತು. ಖುಷಿಯಿಂದ ಹಾಲ್‌ಗೆ ಹೋಗಿ ಟಿವಿ ಹಾಕಿದರೆ ಅಲ್ಲಿ “ಯಾವುದೇ ಸಾಧನ ಸಿಗಲಿಲ್ಲ”. ಅದೇ ಟಿವಿಯಲ್ಲಿ ಯೂಟ್ಯೂಬ್ ಚೆನ್ನಾಗಿ ಓಡುತ್ತಿತ್ತು. ಇಲ್ಲೇ ನಾನು ಮೊದಲ ತಪ್ಪು ಮಾಡಿದ್ದು. ಫೋನಿಗೆ ಸರ್ವರ್ ಸಿಗುತ್ತಿದೆ, ಟಿವಿಗೆ ಇಂಟರ್ನೆಟ್ ಸಿಗುತ್ತಿದೆ, ಅಂದಮೇಲೆ ನೆಟ್‌ವರ್ಕ್ ಸರಿಯೇ ಇದೆ, ಕೆಟ್ಟಿರುವುದು ಟಿವಿ ಎಂದು ತೀರ್ಮಾನಿಸಿಬಿಟ್ಟೆ. ಟಿವಿಯ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ, ಫ್ಯಾಕ್ಟರಿ ರೀಸೆಟ್ ಮಾಡಿದೆ. ಅಪ್ಪ ಕಷ್ಟಪಟ್ಟು ಜೋಡಿಸಿಕೊಂಡಿದ್ದ ಕನ್ನಡ ಚಾನೆಲ್‌ಗಳ ಪಟ್ಟಿ ಅಳಿಸಿಹೋಯಿತು. ಆ ದಿನ ಮನೆಯಲ್ಲಿ ನನ್ನ ಬೆಲೆ ಎಷ್ಟಿತ್ತೆಂದು ಕೇಳಬೇಡಿ.

ಅಷ್ಟರಲ್ಲಿ ಚಿಕ್ಕಮ್ಮನ ಫೋನ್ ಬಂತು. ಪುಣೆಯಲ್ಲೊಂದು ಮದುವೆ, ಒಂದು ರಾತ್ರಿ ನಮ್ಮಲ್ಲಿದ್ದು ಮರುದಿನದ ರೈಲಿಗೆ ಹೊರಡುತ್ತಾರೆ. ಕ್ಯಾಸೆಟ್‌ನಲ್ಲಿರುವ ಎರಡನೆಯ ದನಿ ಅವರದು, ಈಗ ವಯಸ್ಸು ಎಪ್ಪತ್ತು ದಾಟಿದೆ. ಅವರು ಬಂದ ಸಂಜೆಯೂ ನಾನು ಕೇಬಲ್ ಹಿಡಿದುಕೊಂಡು ಟಿವಿಯ ಹಿಂದೆ ಕೂತಿದ್ದೆ. ಎಂಟು ಗಂಟೆಯಾಯಿತು, ಒಂಬತ್ತಾಯಿತು. ಕೊನೆಗೆ ಆರನೆಯ ಇಯತ್ತೆಯ ಮಗಳು ಬಂದು, “ಪೆನ್ ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದ್ರೆ ಆಗಲ್ವಾ ಪಪ್ಪಾ?” ಎಂದಳು. ಐದು ನಿಮಿಷದ ಕೆಲಸ. ಚಿಕ್ಕಮ್ಮ ಮೊದಲ ಹಾಡಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತರು. ಎರಡನೆಯದಕ್ಕೆ ಸಣ್ಣಗೆ ದನಿಗೂಡಿಸಿದರು. ಮೂರನೆಯದರ ನಡುವೆ “ಇಲ್ಲಿ ಅಕ್ಕ ನುಡಿ ಮರ್ತಾಳ ನೋಡು, ಈಗ ನಾ ಹೇಳಿಕೊಡ್ತೀನಿ” ಎಂದರು. ಟಿವಿಯಲ್ಲೂ ಹಾಗೇ ಆಯಿತು.

ಪೆನ್ ಡ್ರೈವ್ ಇದ್ದಮೇಲೆ ಇಷ್ಟೆಲ್ಲ ಯಾಕೆ ಎಂದು ನೀವು ಕೇಳಬಹುದು, ನನ್ನ ಹೆಂಡತಿಯೂ ಕೇಳಿದಳು. ವಾರವಾರ ಹೊಸ ಕ್ಯಾಸೆಟ್ ಸೇರುತ್ತದೆ, ಪ್ರತಿ ಸಲ ಕಿತ್ತು ತುಂಬಿಸಿ ಚುಚ್ಚುವುದು ಅಪ್ಪನಿಂದಾಗದು. ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ಸೋಲು ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ.

ಮುಂದಿನ ಭಾನುವಾರ ತಲೆ ತಣ್ಣಗಿಟ್ಟುಕೊಂಡು ಮೊದಲಿನಿಂದ ಶುರುಮಾಡಿದೆ. ಟಿವಿ ಸರ್ವರನ್ನು ಹುಡುಕುವುದು ಹೇಗೆ? ವಿಳಾಸ ಹಿಡಿದು ನೇರ ಬಾಗಿಲಿಗೆ ಹೋಗುವುದಿಲ್ಲ, ಏಕೆಂದರೆ ಅದಕ್ಕೆ ವಿಳಾಸವೇ ಗೊತ್ತಿಲ್ಲ. ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುತ್ತಿದ್ದರಲ್ಲ, ಹಾಗೆ ಓಣಿಯಲ್ಲಿ ನಿಂತು “ಇಲ್ಲಿ ಹಾಡು ಇಟ್ಟುಕೊಂಡವರು ಯಾರಾದರೂ ಇದ್ದೀರೇನು?” ಎಂದು ಕೂಗುತ್ತದೆ. ಈ ಕೂಗಿನ ಪದ್ಧತಿಗೆ ಎಸ್‌ಎಸ್‌ಡಿಪಿ ಎಂದು ಹೆಸರು. ಕೂಗು ಹೋಗುವುದು 239.255.255.250 ಎಂಬ ಮಲ್ಟಿಕಾಸ್ಟ್ ವಿಳಾಸಕ್ಕೆ, ಯುಡಿಪಿ ಪೋರ್ಟ್ 1900ಕ್ಕೆ. ಕೇಳಿಸಿಕೊಂಡ ಸರ್ವರ್‌ಗಳು ಒಟ್ಟಿಗೇ ಒದರಿ ಗದ್ದಲವಾಗಬಾರದೆಂದು ತುಸು ತಡೆದು ಒಂದೊಂದಾಗಿ ಉತ್ತರಿಸುತ್ತವೆ. ಅದಕ್ಕೇ ಪಟ್ಟಿ ಬರಲು ಕೆಲವು ಸೆಕೆಂಡು ಹಿಡಿಯುವುದು. ಟಿವಿಯ ಪೆಟ್ಟಿಗೆಯ ಮೇಲೆ ಡಿಎಲ್‌ಎನ್‌ಎ ಎಂದು ಬರೆದಿದ್ದರೆ ಅದು ಮಾತಾಡುವುದು ಈ ಭಾಷೆಯನ್ನೇ. 2003ರಲ್ಲಿ ಹುಟ್ಟಿದ ಆ ಕಂಪನಿಗಳ ಕೂಟ 2017ರಲ್ಲಿ ಬಾಗಿಲು ಹಾಕಿತು, ಭಾಷೆ ಮಾತ್ರ ಟಿವಿಗಳಲ್ಲಿ ಇನ್ನೂ ಬದುಕಿದೆ.

ಡಂಗುರದ ಮಿತಿ ಎಂದರೆ ಅದು ಒಂದೇ ಓಣಿಗೆ ಕೇಳಿಸುತ್ತದೆ. ಮನೆಯ ರೌಟರ್‌ಗಳು ಈ ಕೂಗನ್ನು ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾಟಿಸುವುದಿಲ್ಲ. ಹಾಗಾದರೆ ನನ್ನ ಮನೆಯಲ್ಲಿ ಎಷ್ಟು ಓಣಿಗಳಿವೆ? ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸ ನೋಡಿದೆ, 192.168.1.7. ಲ್ಯಾಪ್‌ಟಾಪಿನದು ನೋಡಿದೆ, 192.168.0.12. ಆ ಮೂರನೆಯ ಅಂಕಿಯಲ್ಲಿತ್ತು ನನ್ನ ಎರಡು ವಾರದ ಗೋಳು.

ಆದದ್ದಿಷ್ಟು. ಹಾಲ್‌ನಲ್ಲಿ ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆ ಇದೆ, ಅದಕ್ಕೇ ವೈ-ಫೈ ಇದೆ, ಟಿವಿ ಕೊಂಡ ದಿನದಿಂದ ಅದಕ್ಕೇ ಅಂಟಿಕೊಂಡಿದೆ. 2020ರ ಲಾಕ್‌ಡೌನಿನಲ್ಲಿ ಒಳಕೋಣೆಗೆ ಸಿಗ್ನಲ್ ಸಾಲದೆ ನಾನೇ ಇನ್ನೊಂದು ರೌಟರ್ ತಂದು ಅದರ ಬಾಲಕ್ಕೆ ಕಟ್ಟಿದ್ದೆ. ಎರಡೂ ತಮ್ಮ ತಮ್ಮ ನೆಟ್‌ವರ್ಕ್ ನಡೆಸುತ್ತಿದ್ದವು. ಇಂಟರ್ನೆಟ್ ಎರಡಕ್ಕೂ ಬರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ನನ್ನ ಫೋನು ಸದಾ ಹೊಸ ರೌಟರ್‌ನಲ್ಲಿ, ಲ್ಯಾಪ್‌ಟಾಪೂ ಅಲ್ಲೇ. ಎಲ್ಲ ಪರೀಕ್ಷೆಯನ್ನೂ ಸರ್ವರ್ ಇದ್ದ ಓಣಿಯಲ್ಲೇ ನಿಂತು ಮಾಡಿ ಪಾಸಾಗಿದ್ದೆ! ಫೋನನ್ನು ಟಿವಿ ಇರುವ ವೈ-ಫೈಗೆ ಬದಲಿಸಿದ ಕೂಡಲೇ ಸರ್ವರ್ ಅದಕ್ಕೂ ಮಾಯವಾಯಿತು. ಈ ಒಂದು ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಅಪ್ಪನ ಚಾನೆಲ್ ಪಟ್ಟಿ ಉಳಿಯುತ್ತಿತ್ತು.

ಮದ್ದು ಸುಲಭ. ಎರಡನೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿದರೆ ಅದು ವಿಳಾಸ ಹಂಚುವ ಗೌಡಕಿ ಬಿಟ್ಟು ಬರೀ ಸಿಗ್ನಲ್ ಹಬ್ಬಿಸುವ ಕೆಲಸ ಮಾಡುತ್ತದೆ. ಹಾಕಿದೆ, ಎಲ್ಲ 192.168.1ಕ್ಕೆ ಬಂದವು, ಟಿವಿಯಲ್ಲಿ ಸರ್ವರ್ ಕಾಣಿಸಿತು. ಅಪ್ಪ ಅಂದು ಭಜನೆಯ ಕ್ಯಾಸೆಟ್ ಪೂರ್ತಿ ಕೇಳಿದರು.

ಮರುದಿನ ಬೆಳಿಗ್ಗೆ ಮತ್ತೆ “ಕಾಣವಲ್ದು”.

ಈ ಎರಡನೆಯ ರೋಗ ನನ್ನನ್ನು ಇನ್ನೊಂದು ವಾರ ಕಾಡಿತು. ಸರ್ವರನ್ನು ರೀಸ್ಟಾರ್ಟ್ ಮಾಡಿದರೆ ಟಿವಿಯಲ್ಲಿ ತಕ್ಷಣ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಟಿವಿ ಹಾಕಿದರೆ ಇಲ್ಲ. ವಿಚಿತ್ರವೆಂದರೆ ಮಗಳು ಫೋನಿನಿಂದ ಟಿವಿಗೆ ಕಾಸ್ಟ್ ಮಾಡುವುದು ಯಾವಾಗಲೂ ಸರಿಯಾಗಿ ನಡೆಯುತ್ತಿತ್ತು. ಕೊನೆಗೆ ಲ್ಯಾಪ್‌ಟಾಪಿನಲ್ಲಿ ಟಿಸಿಪಿಡಂಪ್ ಹಚ್ಚಿ ಪೋರ್ಟ್ 1900ಕ್ಕೆ ಬರುವ ಕೂಗುಗಳನ್ನು ಗಡಿಯಾರ ಹಿಡಿದು ನೋಡಿದೆ. ರೀಸ್ಟಾರ್ಟ್ ಆದ ಮೇಲೆ ನಾಲ್ಕು ನಿಮಿಷ ಚಿಲ್ಲರೆ ಟಿವಿಯ ಕೂಗು ತಲುಪುತ್ತದೆ, ಆಮೇಲೆ ನಿಶ್ಶಬ್ದ.

ನಾಲ್ಕು ನಿಮಿಷ ಎಂದಾಗ ಹಳೆಯ ಪಾಠ ನೆನಪಾಯಿತು. ಹೊಸ ರೌಟರ್‌ಗಳಲ್ಲಿ ಐಜಿಎಂಪಿ ಸ್ನೂಪಿಂಗ್ ಎಂಬ ಸೌಲಭ್ಯವಿರುತ್ತದೆ. ಮಲ್ಟಿಕಾಸ್ಟ್ ಕೂಗು ಎಲ್ಲರ ಕಿವಿಗೂ ಬಡಿಯದೆ, “ನನಗೆ ಬೇಕು” ಎಂದು ಹೆಸರು ಕೊಟ್ಟವರಿಗೆ ಮಾತ್ರ ಹೋಗಲಿ ಎಂಬುದು ಅದರ ಉದ್ದೇಶ. ಆ ಹೆಸರಿನ ಪಟ್ಟಿಯ ಆಯುಷ್ಯ ವಾಡಿಕೆಯ ಸೆಟ್ಟಿಂಗ್ ಪ್ರಕಾರ 260 ಸೆಕೆಂಡು. ಅಷ್ಟರೊಳಗೆ ಯಾರಾದರೂ “ಇನ್ನೂ ಇದ್ದೀರಾ?” ಎಂದು ಹಾಜರಿ ತೆಗೆದುಕೊಂಡರೆ ಹೆಸರು ಉಳಿಯುತ್ತದೆ. ನನ್ನ ಮನೆಯಲ್ಲಿ ಹಾಜರಿ ತೆಗೆದುಕೊಳ್ಳುವ ಮಾಸ್ತರರೇ ಇರಲಿಲ್ಲ. ಆದ್ದರಿಂದ ಸರ್ವರ್‌ನ ಹೆಸರು ಪ್ರತಿ ಸಲ ಪಟ್ಟಿಯಿಂದ ಬಿದ್ದುಹೋಗುತ್ತಿತ್ತು. ಕಾಸ್ಟಿಂಗ್ ಬಳಸುವ ಎಂಡಿಎನ್‌ಎಸ್ ಕೂಗು ಹೋಗುವುದು 224.0.0.251ಕ್ಕೆ. 224.0.0ರಿಂದ ಶುರುವಾಗುವ ವಿಳಾಸಗಳನ್ನು ಸ್ನೂಪಿಂಗ್ ಸಾಮಾನ್ಯವಾಗಿ ಮುಟ್ಟುವುದಿಲ್ಲ, ಅದಕ್ಕೇ ಮಗಳ ಕೆಲಸ ಕೆಡಲಿಲ್ಲ. ಆ ಸೌಲಭ್ಯವನ್ನು ಆಫ್ ಮಾಡಿದೆ. ಹತ್ತು ಸಾಧನಗಳ ಮನೆಗೆ ಅದರಿಂದ ನಷ್ಟವೇನಿಲ್ಲ. ಅಂದಿನಿಂದ ಕಾಣವಲ್ದು ಎಂಬ ಮಾತು ಬಂದಿಲ್ಲ.

ನಿಮ್ಮ ಮನೆಯಲ್ಲೂ ಹೀಗಾದರೆ ನಾನು ಮಾಡಿದ ಕ್ರಮದಲ್ಲಿ ಮಾಡಬೇಡಿ, ತಿರುಗಾಮುರುಗಾ ಮಾಡಿ. ಮೊದಲು ಎರಡೂ ಸಾಧನಗಳ ಐಪಿ ವಿಳಾಸ ನೋಡಿ. ಮನೆಯ ಮಟ್ಟಿಗೆ ಮೊದಲ ಮೂರು ಅಂಕಿ ಒಂದೇ ಇರಬೇಕು. ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈ-ಫೈಗೆ ಟಿವಿ ಸೇರಿಕೊಂಡಿದ್ದರೆ ಬಿಡಿಸಿ, ಅಲ್ಲಿ ಸಾಧನಗಳು ಒಂದನ್ನೊಂದು ನೋಡದಂತೆ ಬೇಕೆಂದೇ ಗೋಡೆ ಕಟ್ಟಿರುತ್ತಾರೆ. ಪಿಜಿ, ಹೋಟೆಲ್‌ಗಳ ವೈ-ಫೈನಲ್ಲೂ ಬಹುಮಟ್ಟಿಗೆ ಹಾಗೇ, ಅಲ್ಲಿ ಅದು ನಿಮ್ಮ ಒಳ್ಳೆಯದಕ್ಕೇ. ಸರ್ವರ್ ವಿಂಡೋಸ್‌ನಲ್ಲಿದ್ದರೆ ಮನೆಯ ವೈ-ಫೈ “ಪಬ್ಲಿಕ್” ಎಂದು ಗುರುತಾಗಿದೆಯೇ ನೋಡಿ, ಆಗಿದ್ದರೆ “ಪ್ರೈವೇಟ್” ಮಾಡಿ. ಅದೇ ಲ್ಯಾಪ್‌ಟಾಪಿನಲ್ಲಿ ಆಫೀಸಿನ ವಿಪಿಎನ್ ಓಡುತ್ತಿದ್ದರೆ ಅದನ್ನು ನಿಲ್ಲಿಸಿ ನೋಡಿ. ಇಷ್ಟಾದ ಮೇಲೂ ಬಂದು ಬಂದು ಮಾಯವಾದರೆ ಆಗ ಸ್ನೂಪಿಂಗ್ ಹುಡುಕಿ. ಟಿವಿಯನ್ನು ಫ್ಯಾಕ್ಟರಿ ರೀಸೆಟ್ ಮಾಡುವುದು ಎಲ್ಲಕ್ಕಿಂತ ಕೊನೆಗೆ, ಅದೂ ಮನೆಯ ಹಿರಿಯರನ್ನು ಕೇಳಿ.

ಈಗ 38ರಲ್ಲಿ 31 ಕ್ಯಾಸೆಟ್ ಮುಗಿದಿವೆ. ಎರಡಕ್ಕೆ ಬೂಷ್ಟು ಹಿಡಿದಿದೆ, ಅವನ್ನು ಮುಟ್ಟಲು ಇನ್ನೂ ಧೈರ್ಯ ಬಂದಿಲ್ಲ. ಸಂಜೆ ನಾಲ್ಕರ ಚಹಾ ಆದ ಮೇಲೆ ಅಪ್ಪ ತಾವೇ ರಿಮೋಟ್ ತೆಗೆದುಕೊಳ್ಳುತ್ತಾರೆ. ಒಂದು ಹಾಡಿನ ನಡುವೆ ಅಮ್ಮ ಥಟ್ಟನೆ ನಿಲ್ಲಿಸಿ “ಅಯ್ಯ, ಹಾಲ ಉಕ್ಕಿತು” ಎಂದು ಓಡುವುದು, ಆಮೇಲೆ ಟೇಪ್ ಕಟ್ಟೆಂದು ನಿಲ್ಲುವುದು ಹಾಗೇ ಉಳಿದಿದೆ. ಅದನ್ನು ಕತ್ತರಿಸಲೇ ಎಂದು ಕೇಳಿದ್ದೆ. ಬ್ಯಾಡ ಅಂದರು.

ಹೋದ ವಾರ ಚಿಕ್ಕಮ್ಮ ಫೋನ್ ಮಾಡಿದ್ದರು. ಗದಗಿನ ಮನೆಯಲ್ಲಿ ಮಗ ಹೊಸ ಟಿವಿ ತಂದಿದ್ದಾನಂತೆ. “ಅದರಾಗ ಎಷ್ಟ ಒತ್ತಿದ್ರೂ ಅಕ್ಕನ ಹಾಡು ಕಾಣವಲ್ದಲ್ಲೋ” ಎಂದರು. ಇಲ್ಲಿಯ ಡಂಗುರ ಗದಗಿನ ತನಕ ಕೇಳಿಸುವುದಿಲ್ಲ ಎಂದು ವಿವರಿಸಲು ಹೋಗಲಿಲ್ಲ. ಪೆನ್ ಡ್ರೈವ್ ತುಂಬಿಸಿ ಕೊರಿಯರ್ ಮಾಡಿದ್ದೇನೆ.